ಗಾದಿ ಅಂಗಡಿಯಿಂದ ತಂದ ರೋಲರ್

ಹೆಂಡತಿಯ ಕಾಲುನೋವು ಕೆಲವು ಕಾಲ ನನಗೆ ಬಹಳ ಅನುಕೂಲವಾಗಿತ್ತು. ಹೀಗೆ ಬರೆಯುವಾಗ ಈ ವಯಸ್ಸಿನಲ್ಲೂ ಕಿವಿ ಬಿಸಿಯಾಗುತ್ತದೆ. ಆದರೂ ಹೇಳಿಬಿಡುತ್ತೇನೆ, ನೀವೇನು ಹೊರಗಿನವರೇ?

ನಮ್ಮೂರಿನ ಮಗರಪಟ್ಟಾ ಬಡಾವಣೆಯ ಹೊಸ ರಸ್ತೆಗಳು ಇನ್ನೂ ನುಣ್ಣಗಿದ್ದ ಕಾಲ. ಐವತ್ತು ದಾಟಿದ ನಮ್ಮ ನೀಲಾ, ಕೆಳಗಿನ ಮನೆಯ ಶಿಂದೆಬಾಯಿಯ ಜೊತೆ ಅಲ್ಲಿ ಓಡಲು ಶುರುಮಾಡಿದಳು. ಮೊದಲು ನಡಿಗೆ, ಆಮೇಲೆ ಓಟ, ಕೊನೆಗೆ ಇಪ್ಪತ್ತೊಂದು ಕಿಲೋಮೀಟರ್ ಓಡಿಯೇ ತೀರುತ್ತೇನೆಂಬ ಹಟ. ಕ್ಯಾಂಪ್ ಪೇಟೆಯ ಬಟ್ಟೆ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ನನಗೆ ರವಿವಾರವೊಂದೇ ರಜೆ. ಅವಳು ಓಡಲು ಹೋದರೆ ಅಂದು ಮನೆಯಲ್ಲಿ ನಾನೂ ಗಡಿಯಾರವೂ ಇಬ್ಬರೇ. ಅವಳ ಮೀನಖಂಡ ಹಿಡಿದುಕೊಂಡಿದ್ದರೆ ಮಾತ್ರ ಬಿಸಿ ಉಪ್ಪಿಟ್ಟು, ಎದುರಿಗೆ ಅವಳು.

ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರು, ಸ್ನಾಯು ಎಳೆಯಬಲ್ಲದು, ತಳ್ಳಲಾರದು ಎಂದು ಕಲಿಸಿದ್ದರು. ನನ್ನ ಓದು ಅಲ್ಲಿಗೇ ನಿಂತಿತು. ಸ್ವಭಾವವೂ ಅಷ್ಟಕ್ಕೇ ನಿಂತಿರಬೇಕು. ಅವಳು ಮುಂದೆ ಹೋದಷ್ಟೂ ನಾನು ಹಿಂದಕ್ಕೆ ಎಳೆಯುತ್ತಿದ್ದೆ.

ಆ ಇಪ್ಪತ್ತೊಂದು ಕಿಲೋಮೀಟರಿನ ಸ್ಪರ್ಧೆ ಹತ್ತಿರ ಬಂದಾಗ ಶಿಂದೆಬಾಯಿ ಒಂದು ಉಪಾಯ ಹೇಳಿದರು. ಫೋಮ್ ರೋಲರ್ ಅಂತ ಒಂದಿದೆಯಂತೆ. ಅದನ್ನು ನೆಲದ ಮೇಲಿಟ್ಟು, ಕಾಲಿನ ಭಾರ ಹಾಕಿ ಮೆಲ್ಲಗೆ ಹಿಂದೆ ಮುಂದೆ ಹೊರಳಿಸಿದರೆ ಬಿಗಿದ ಮಾಂಸ ಸಡಿಲವಾಗುತ್ತದಂತೆ. ಅದು ಎಲ್ಲಿ ಸಿಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ.

‘ಕ್ಯಾಂಪಿನ್ಯಾಗ ಸಿಗಲಾರದ್ದು ಏನದ ರೀ? ನೀವ ತರ್ರಿ,’ ಎಂದಳು ನೀಲಾ.

ನಾನು ನೇರ ಗಾದಿ ಅಂಗಡಿಗೆ ಹೋದೆ. ನಮಗೆ ಫೋಮ್ ಎಂದರೆ ಗಾದಿ, ದುಂಡಗಿರುವುದೆಂದರೆ ಒರಗಿಕೊಳ್ಳುವ ಲೋಡು. ಅಂಗಡಿಯವನು ಕೊಟ್ಟದ್ದನ್ನು ಹೆಬ್ಬೆರಳಿನಿಂದ ಒತ್ತಿದೆ. ಬೆರಳು ಪೂರ್ತಿ ಒಳಗೆ ಹೋಯಿತು. ಇದರಿಂದ ಏನೂ ಆಗದೆಂದು ಅಲ್ಲೇ ತಿಳಿಯಿತು. ತಿಳಿದೇ ತಂದೆ.

ಓಟದ ಹಿಂದಿನ ಸಂಜೆ ನೀಲಾ ಅದರ ಮೇಲೆ ಕಾಲು ಹಾಕಿದಳು. ಲೋಡು ಚಪ್ಪಟೆಯಾಯಿತು, ಮೀನಖಂಡ ಕಲ್ಲಾಗಿಯೇ ಉಳಿಯಿತು. ಕೆಳಗಿನಿಂದ ಶಿಂದೆಬಾಯಿ, ‘ಕಾಯ್ ವಹಿನಿ, ಉದ್ಯಾ ಯೇಣಾರ್ ನಾ?’ ಎಂದು ಕೂಗಿದರು. ನಾಳೆ ಬರುತ್ತೀರಲ್ಲ ಎಂಬ ಆ ಮಾತು ಕೇಳುತ್ತಲೇ ನೀಲಾ ಗೋಡೆ ಹಿಡಿದು ಎದ್ದು, ಬಾಗಿಲ ಬಳಿ ಸಿದ್ಧವಾಗಿಟ್ಟಿದ್ದ ಬೂಟುಗಳನ್ನು ಒರೆಸಿ ಕಪಾಟಿನ ಮೇಲಿಟ್ಟಳು, ಮದುವೆ ಮುಗಿದ ಮೇಲೆ ರೇಷ್ಮೆ ಸೀರೆ ಎತ್ತಿಡುವ ಹಾಗೆ. ನಾನು ಗೆದ್ದಿದ್ದೆ. ಆದರೆ ಆ ಬೂಟುಗಳನ್ನು ನೋಡುತ್ತ ಕೂರಲಾಗದೆ ಎದ್ದೆ.

ಮಾಳಿಗೆಯ ಮೇಲೆ ನಳದ ಕೆಲಸದವರು ಬಿಟ್ಟುಹೋದ ದಪ್ಪ ಪೈಪಿನ ತುಂಡಿತ್ತು. ಒಂದು ಮೊಳ ಕೊಯ್ದೆ. ಲೋಡನ್ನು ಸೀಳಿ ತೆಳ್ಳಗೆ ಸುತ್ತಿ ದಾರ ಬಿಗಿದೆ. ನೀಲಾ ಹಿಂದಕ್ಕೆ ಕೈಯೂರಿ ಕುಳಿತು ಅದರ ಮೇಲೆ ಕಾಲು ಹೊರಳಿಸಿದಳು. ಗಂಟಿದ್ದ ಒಂದು ಕಡೆ ಅವಳ ಉಸಿರು ಕಟ್ಟಿತು; ನನ್ನದೂ ನಿಂತಿತು.

‘ಬಿಡು, ಭಾಳ ನೋಯ್ತದ,’ ಎಂದೆ.

‘ಸುಮ್ಮನಿರ್ರಿ. ನೋವು ಕರಗ್ಲಿಕ್ಕೆ ಹತ್ತ್ಯದ.’

ಆಗ ತಡೆಯಲಾಗದೆ ಹೇಳಿಬಿಟ್ಟೆ: ‘ಆ ಲೋಡು ಕೆಲಸಕ್ಕ ಬರೂದಿಲ್ಲಂತ ಗೊತ್ತಿದ್ದೇ ತಂದಿದ್ದೆ.’

‘ಗೊತ್ತದ. ಒತ್ತಿ ನೋಡಲಾರದ ಬದನಿಕಾಯಿನೂ ತಗೊಳ್ಳಾಂಗಿಲ್ಲ ನೀವು.’ ಕಾಲು ಹೊರಳುತ್ತಲೇ ಇತ್ತು. ‘ಈಗ ಆ ಬೂಟು ಇಳಸ್ರಿ.’

ಮರುದಿನ ಬಹುತೇಕ ಎಲ್ಲರೂ ಬಂದು ಮುಗಿದು, ದಾರಿಯ ಹಗ್ಗ ಬಿಚ್ಚುತ್ತಿರುವಾಗ ನೀಲಾ ಬಂದಳು. ಕುಂಟುತ್ತ, ಆದರೆ ಓಡುತ್ತ. ಪೈಪು ಕಾಲನ್ನು ಗುಣಪಡಿಸಿತೆನ್ನಲಾರೆ. ಹೆಜ್ಜೆ ಎತ್ತುವಷ್ಟು ಸಡಿಲ ಮಾಡಿತ್ತು, ಅಷ್ಟೇ. ಬೆವರು ಒರೆಸಿಕೊಳ್ಳುತ್ತ ಅವಳು ಗೆಳತಿಯರ ಮುಂದೆ ನನ್ನ ಕೈಕೆಲಸವನ್ನು ಮರಾಠಿಯಲ್ಲಿ ಬಾಯ್ತುಂಬ ಹೊಗಳಿದಳು. ಮೆತ್ತನೆಯ ಲೋಡಿನ ಸುದ್ದಿ ಮಾತ್ರ ಎತ್ತಲಿಲ್ಲ. ಅದಕ್ಕಿಂತ ದೊಡ್ಡ ಶಿಕ್ಷೆ ನನಗೆ ಯಾರೂ ಕೊಟ್ಟಿಲ್ಲ.

ಆ ಹೆಂಗಸರೆಲ್ಲ ತಮಗೂ ಒಂದೊಂದು ಬೇಕೆಂದರು. ತಪ್ಪಿಗೆ ದಂಡವೆಂದು ಅಷ್ಟೂ ಮಂದಿಗೆ ಪೈಪು ಕೊಯ್ದು ಕೊಟ್ಟೆ. ಅಂದಿನಿಂದ, ರವಿವಾರ ಮನೆಯಲ್ಲಿ ಒಬ್ಬರೇ ಉಳಿಯುವ ಅವರ ಗಂಡಂದಿರು ಮೆಟ್ಟಿಲಲ್ಲಿ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ನಾನು ನಮಸ್ಕಾರ ಹೇಳಿ ಇಳಿದು ಹೋಗುತ್ತೇನೆ. ಅವರ ನೋವು ಎಲ್ಲಿದೆಯೆಂದು ನನಗೆ ಚೆನ್ನಾಗಿ ಗೊತ್ತು. ಆದರೆ ಆ ಜಾಗಕ್ಕೆ ಹೊಂದುವ ಪೈಪು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.