ಘಾಟಬೋರಾಳದ ಬಾವಿ, ಬಂದರಿನ ಕಡಲು

ಇದು ೧೯೭೮ರ ಬೇಸಿಗೆ ಎಂದು ಬರೆಯುತ್ತಿದ್ದೇನೆ. ಅದರ ಹಿಂದಿನ ವರ್ಷವೂ ಇದ್ದೀತು. ಆ ತಿಂಗಳ ಡೈರಿಯಲ್ಲಿ ಕೆಲಸದ ಸಂಗತಿಗಳಿವೆ, ಯಾರ ಮಾತುಗಳೂ ಇಲ್ಲ. ಹಾಗಾಗಿ ಇಲ್ಲಿ ಬರುವ ಮಾತುಗಳನ್ನು ಜೋಡಿಸಿದ್ದು ನನ್ನ ನೆನಪು. ಒಂದೆರಡು ತಪ್ಪಿರಬಹುದು.

ಆಗ ನಾನು ಕರಾವಳಿಯ ಸಣ್ಣ ಬಂದರೊಂದರ ಕಚೇರಿಯಲ್ಲಿ ಕಿರಿಯ ಸಹಾಯಕಿ. ದೋಣಿಗಳು ನಿಲ್ಲುವ ಧಕ್ಕೆಯ ಕಂಬಕ್ಕೆ ಅಳತೆಯ ಗುರುತುಗಳಿದ್ದ ಉದ್ದನೆಯ ಹಲಗೆಯೊಂದನ್ನು ಬಡಿದಿದ್ದರು. ಅದನ್ನು ಟೈಡ್ ಪೋಲ್ ಎನ್ನುತ್ತೇವೆ. ಉಬ್ಬರ ಮತ್ತು ಇಳಿತದಲ್ಲಿ ನೀರು ಯಾವ ಗುರುತಿಗೆ ಮುಟ್ಟಿತೆಂದು ದಿನವೂ ರಿಜಿಸ್ಟರಿಗೆ ಬರೆಯುವುದು ಕ್ರಮ. ಇಪ್ಪತ್ತೆರಡು ವರ್ಷಗಳ ರಿಜಿಸ್ಟರುಗಳಿಂದ ಆಯಾ ವರ್ಷದ ಅತಿ ಎತ್ತರದ ಉಬ್ಬರವನ್ನು ಹೆಕ್ಕುವ ಕೆಲಸ ನನ್ನ ಪಾಲಿಗೆ ಬಂತು. ಕೊನೆಯ ಒಂಬತ್ತು ವರ್ಷಗಳ ಅಂಕಿಗಳು ಹಿಂದಿನವಕ್ಕಿಂತ ಸುಮಾರು ಒಂದು ಗೇಣು ಮೇಲಿದ್ದವು. ಬಿರುಗಾಳಿಯ ಉಬ್ಬರ ಬಲವಾಗಿದೆ ಎಂದು ವರದಿಯ ಕರಡು ಬರೆದೆ. ಅದಕ್ಕೆ ಸಹಿ ಬಿದ್ದರೆ ದಂಡೆಯ ಮೇಲಿನ ಮೀನುಗಾರರ ಕೇರಿಯನ್ನು, ಮೂವತ್ತು ನಲವತ್ತು ಮನೆಗಳನ್ನು, ಎಬ್ಬಿಸುವುದು ಖಚಿತವಿತ್ತು. ಕರಡನ್ನು ಚೀಲದಲ್ಲಿಟ್ಟುಕೊಂಡೇ ರಜೆಯ ಮೇಲೆ ಹುಮನಾಬಾದಿಗೆ ಬಂದೆ.

ಹತ್ತಿರದ ಘಾಟಬೋರಾಳದಲ್ಲಿ ನಮ್ಮ ಕಾಕಾನ ಹೊಲ, ಬಾವಿ. ಪ್ರತಿ ಯುಗಾದಿಯ ಮರುದಿನ ಕಾಕಾ ಮೊಳಕ್ಕೊಂದು ಗಂಟು ಹಾಕಿದ ಹಗ್ಗಕ್ಕೆ ತಂಬಿಗೆ ಕಟ್ಟಿ ಬಾವಿಗೆ ಬಿಡುತ್ತಿದ್ದರು. ಕಟ್ಟೆಯಿಂದ ನೀರಿನವರೆಗಿನ ಗಂಟುಗಳನ್ನು ಎಣಿಸಿ, ಅಡುಗೆಮನೆಯ ಗೋಡೆಗೆ ಇದ್ದಿಲಿನಿಂದ ಅಷ್ಟು ಗೀಟು ಎಳೆಯುತ್ತಿದ್ದರು. ನಮ್ಮ ಕಚೇರಿಯಲ್ಲೂ ಅಂಥ ಶಿಸ್ತು ಇರಲಿಲ್ಲ.

"ನೋಡವ್ವ, ಮೊದಲ ಹನ್ನೊಂದ ಮೊಳದ ಆಜುಬಾಜು ಇರ್ತಿತ್ತು. ನಾಕ ವರ್ಷ ಆತು, ಹನ್ನೆರಡಕ್ಕ ಹೋಗ್ಯದ," ಎಂದರು ಕಾಕಾ. "ನಿಮ್ಮ ಸಮುದ್ರ ಏರಾಕತ್ತದ ಅಂತಿ, ನಮ್ಮ ಬಾವಿ ಇಳ್ಯಾಕತ್ತದ. ನಮ್ಮ ನೀರೆಲ್ಲಾ ಅಲ್ಲಿಗೇ ಹೊಂಟದೇನ?"

ರೊಟ್ಟಿ ಬಡಿಯುತ್ತಿದ್ದ ಕಾಕಿ ತಲೆ ಎತ್ತದೆ ಹೇಳಿದರು: "ನೀರ ಎಲ್ಲೀ ಹೋಗಿಲ್ಲ. ನಾಕ ವರ್ಷದ ಹಿಂದ ಎಮ್ಮಿ ಕರ ಬಾವ್ಯಾಗ ಬಿದ್ದಾಗ ಕಟ್ಟಿ ಒಂದ ಮೊಳ ಏರಿಸಿದ್ರಿ. ಹಗ್ಗ ಅಲ್ಲಿಂದೇ ಬಿಡ್ತೀರಿ."

"ಹಂಗಾರ ಇಷ್ಟ ವರ್ಷ ನಾ ಕಟ್ಟಿ ಅಳದೆನೇನ?"

"ಅಳೀರಿ. ಕಟ್ಟಿ ಎಲ್ಲೂ ಓಡಿ ಹೋಗಂಗಿಲ್ಲ."

ಕಾಕಾ ನಕ್ಕರು. ನಾನು ಕರಡು ತೆಗೆದು ನೋಡಿದೆ. ಒಂದು ಗೇಣು ಏರಿಕೆಯೂ ಒಂದೇ ವರ್ಷದಲ್ಲಾಗಿ, ಆಮೇಲೆ ಅಲ್ಲೇ ನಿಂತಿತ್ತು. ಬಿರುಗಾಳಿ ಕಾರಣವಾದರೆ ದೊಡ್ಡ ಉಬ್ಬರಗಳಷ್ಟೇ ಏರಬೇಕು. ಹಲಗೆಯೇ ಕೆಳಗೆ ಸರಿದಿದ್ದರೆ ಇಳಿತದ ಅಂಕಿಯೂ ಅದೇ ವರ್ಷ ಅಷ್ಟೇ ಏರಿರುತ್ತದೆ. ಇಳಿತದ ಪುಟಗಳನ್ನು ನಾನು ತೆರೆದೇ ನೋಡಿರಲಿಲ್ಲ.

ಮರುದಿನ ಹುಮನಾಬಾದಿನ ಅಂಚೆ ಕಚೇರಿಯಲ್ಲಿ ಅರ್ಧ ದಿನ ಕೂತು ಸಹೋದ್ಯೋಗಿಗೆ ಟ್ರಂಕ್ ಕಾಲ್ ಮಾಡಿದೆ. ರಿಜಿಸ್ಟರು ನೋಡಿ ಅವರು ತಂತಿ ಕಳಿಸಿದರು: ಇಳಿತವೂ ಒಂದು ಗೇಣು ಮೇಲಿದೆ. ಧಕ್ಕೆಯ ದುರಸ್ತಿಯಾದ ವರ್ಷ ಹಲಗೆ ಬಿಚ್ಚಿ ಮತ್ತೆ ಬಡಿದವರು, ಎತ್ತರ ಗೊತ್ತಿರುವ ಕದಲದ ಕಲ್ಲಿಗೆ, ಅಂದರೆ ಬೆಂಚ್ ಮಾರ್ಕಿಗೆ, ತಾಳೆ ನೋಡಿರಲಿಲ್ಲ.

ವರದಿಯನ್ನು ಹೊಸದಾಗಿ ಬರೆದೆ. ಕೇರಿ ಅಲ್ಲೇ ಉಳಿಯಿತು. ಆದರೆ ಹಲಗೆಯ ತಪ್ಪನ್ನು ಕಳೆದ ಮೇಲೂ ಎರಡು ಬೆರಳಿನಷ್ಟು ನಿಧಾನದ ಏರಿಕೆ ಉಳಿದಿತ್ತು. ಕಡಲೇ ಏರುತ್ತಿದೆಯೋ, ನೆಲ ಕುಸಿಯುತ್ತಿದೆಯೋ, ಗಾಳಿ ಬದಲಾಗಿದೆಯೋ ಹೇಳಲು ಇಪ್ಪತ್ತೆರಡು ವರ್ಷ ಸಾಲದು ಎಂದು ಬರೆದೆ. ಅದು ನಿಜ. ಆ ಕೇರಿಯವರಿಗೆ ಅದರಿಂದ ಎಷ್ಟು ಧೈರ್ಯ ಸಿಕ್ಕಿತೋ ತಿಳಿಯದು. ಎಷ್ಟು ಏರಿತು ಎಂದು ಕೇಳುವ ಮೊದಲು ಎಲ್ಲಿಂದ ಅಳೆದೆವು ಎಂದು ಕೇಳಬೇಕು. ಕೆಲಸ ನನಗೆ ಕಲಿಸಿದ್ದು ಇದು.

ಈ ಪಾಠವನ್ನು ನಾನು ಕಾಕಿಯ ಹೆಸರಿನಲ್ಲೇ ಹೇಳುತ್ತ ಬಂದಿದ್ದೇನೆ. ಅದೂ ನನ್ನ ನೆನಪು ಕಟ್ಟಿದ ಗೌರವವೇನೋ ಎಂಬ ಸಂಶಯದಿಂದ ಹೋದ ಸಲ ಅವರನ್ನೇ ಕೇಳಿದೆ: "ಕಾಕಿ, ಆವತ್ತ ನನ್ನ ಕಾಗದದಾಗೂ ತಪ್ಪದ ಅಂತ ಗೊತ್ತಿದ್ದೇ ಆ ಮಾತ ಅಂದ್ರೇನು, ಇಲ್ಲಾ ಕಾಕಾನ್ನ ಕಾಡಾಕ ಅಂದ್ರೇನು?"

"ಮೊದಲ ಉಣ್ಣು," ಎಂದರು.