ಅಂಕಲೇಶ್ವರದ ಬಳಿ ನಾನು ಎಚ್ಚರವಿರಲಿಲ್ಲ

ಜ್ಯೋತಿ ಮೋಸ ಮಾಡಲಿಲ್ಲ. ಮೋಸ ಮಾಡಿದವಳು ನಾನು — ಅದನ್ನು ಇಷ್ಟು ವರ್ಷ ಮುಚ್ಚಿಟ್ಟವಳೂ ನಾನೇ.

ವಡೋದರಾದಲ್ಲಿ ನಾವಿಬ್ಬರೂ ಅಕ್ಕಪಕ್ಕದ ಮನೆಯವರು. ಇಬ್ಬರದೂ ಧಾರವಾಡದ ಕಡೆಯ ಮಾತು. ಅವಳ ತಮ್ಮನಿಗೆ ಸ್ನಾಯುಗಳು ಸೊರಗುತ್ತ ಹೋಗುವ ಕಾಯಿಲೆ. ಅಂಥ ಮಕ್ಕಳ ಆರೈಕೆಗೆ ಹಣ ಕೂಡಿಸಲೆಂದು ಅವಳು ಅಹಮದಾಬಾದಿನಿಂದ ಸೂರತ್‌ವರೆಗೆ, ದಿನಕ್ಕಿಷ್ಟು ದೂರ ಎಂದು, ಓಡಲು ಹೊರಟಳು. ಕಾರಿನಲ್ಲಿ ನೀರು, ಹಣ್ಣು ಹೇರಿಕೊಂಡು ಮುಂದೆ ಹೋಗಿ ಕಾಯುವುದು ನನ್ನ ಕೆಲಸ. ಅವಳು ಓಡಿ ಬಂದದ್ದಕ್ಕೆ ಸಾಕ್ಷಿಯೂ ನಾನೇ.

ಅಂಕಲೇಶ್ವರ ದಾಟಿ ಒಂದು ಹೋಟೆಲಿನ ನೆರಳಲ್ಲಿ ಕಾರು ನಿಲ್ಲಿಸಿದೆ. ಕಣ್ಣು ಬಿಟ್ಟಾಗ ನೆರಳು ಸರಿದು ಮುಖಕ್ಕೆ ಬಿಸಿಲು ಹೊಡೆಯುತ್ತಿತ್ತು. ಕಾದೆ — ಅವಳು ಬರಲಿಲ್ಲ. ಗಾಬರಿಯಿಂದ ಮುಂದೆ ಹೋದರೆ, ಎಷ್ಟೋ ದೂರದಲ್ಲಿ ಒಬ್ಬಳೇ ಓಡುತ್ತಿದ್ದಾಳೆ! ಉಸಿರೂ ಅಷ್ಟಾಗಿ ಏರಿರಲಿಲ್ಲ. ಮುಖ ತೊಳೆದಂತಿತ್ತು. ಬೆಳಿಗ್ಗೆಯಿಂದ ಒಂದು ಬಿಳಿ ಕಾರು ಎರಡು ಸಲ ನಮ್ಮನ್ನು ದಾಟಿ ಹೋಗಿತ್ತಲ್ಲ, ಅದು ಯಾರದು? ಯಾಕೆ ನಿಧಾನಿಸಿತು?

"ಖರೇ ಹೇಳು ಜ್ಯೋತಿ, ಯಾರದರೆ ಗಾಡಿ ಹತ್ತಿದೇನು?"

"ನಿನ್ನ ಮುಂದನ ಓಡಿ ಬಂದೇನಲ್ಲ."

"ನಾ ಕಣ್ಣು ಮುಚ್ಚೇ ಇಲ್ಲ!"

ಅವಳು "ಆತು ಬಿಡು," ಎಂದು ಮತ್ತೆ ಓಡತೊಡಗಿದಳು. ಆ ಮಾತನ್ನೂ ನಾನು ತಪ್ಪೊಪ್ಪಿಗೆ ಎಂದೇ ಓದಿಕೊಂಡೆ. ಉಳಿದ ದಾರಿಯುದ್ದಕ್ಕೂ ಕನ್ನಡಿಯಲ್ಲಿ ಅವಳನ್ನು ಕಳ್ಳಿಯನ್ನು ಕಾಯುವಂತೆ ಕಾದೆ. ನಿದ್ದೆ ಮಾಡಿದ್ದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಸಾಕ್ಷಿಯೇ ಮಲಗಿದ್ದಳು ಎಂದು ಒಪ್ಪುವುದಕ್ಕಿಂತ, ಓಡಿದವಳನ್ನು ಅನುಮಾನಿಸುವುದು ಹಗುರವಾಗಿತ್ತು. ಮತ್ತೆ — ದಾರಿಯುದ್ದಕ್ಕೂ ಎಲ್ಲರೂ ಅವಳ ಹೆಸರನ್ನೇ ಕೂಗುತ್ತಿದ್ದರು, ನನ್ನದನ್ನು ಯಾರೂ ಅಲ್ಲ...

ಸೂರತ್ತಿನಲ್ಲಿ ಹೂಮಾಲೆಗಳ ನಡುವೆ ಸಂಘಟಕ ಮೆಹುಲ್‌ಭಾಯಿ ನನ್ನನ್ನು ಪಕ್ಕಕ್ಕೆ ಕರೆದು, "ಬೆನ್, ಪೂರಾ ದೌಡಿ ನಾ?" — ಅವಳು ಪೂರ್ತಿ ಓಡಿದಳು ತಾನೇ — ಎಂದು ಕೇಳಿದರು.

"ಥೋಡಾ ಡೌಟ್ ಹೈ, ಭಾಯಿ," ಎಂದೆ.

ಅಷ್ಟೇ ಸಾಕಾಯಿತು. ಮಾತು ಬಾಯಿಂದ ಬಾಯಿಗೆ ಹಬ್ಬಿತು. ಹಣ ಕೊಡುತ್ತೇವೆ ಎಂದವರು ಹಿಂದೆ ಸರಿದರು. ಜ್ಯೋತಿ ಮತ್ತೆಂದೂ ಓಡಲಿಲ್ಲ. ಮನೆ ಬದಲಿಸಿ ಅಹಮದಾಬಾದಿಗೆ ಹೋದಳು. ತಮ್ಮ ತೀರಿಹೋದ ಸುದ್ದಿ ನನಗೆ ಬೇರೆಯವರಿಂದ ಬಂತು.

ಹೋದ ವಾರ ಅವಳ ಬಾಗಿಲು ತಟ್ಟಿದೆ. ಕೂರುವ ಮೊದಲೇ ಹೇಳಿಬಿಟ್ಟೆ — "ಅವತ್ತ ನಾ ಮಲಗಿದ್ದೆ."

"ಗೊತ್ತದ," ಎಂದಳು. "ಕಾರಿನ ಹತ್ರ ಬಂದಿದ್ದೆ. ಹಿಂದಿನ ಬಾಗಲಾ ತಗದು ಬಾಟ್ಲಿ ತಗೊಂಡು ಮಾರಿ ತೊಳಕೊಂಡೆ. ರಾತ್ರಿಯೆಲ್ಲಾ ನನ್ನ ಕಾಲು ತಿಕ್ಕಿದ್ದಿ, ಪಾಪ, ಮಲಗಲಿ ಅಂತ ಎಬ್ಬಿಸಲಿಲ್ಲ."

"ಮತ್ತ ಎಲ್ಲಾರ ಮುಂದ ಯಾಕ ಹೇಳಲಿಲ್ಲ?"

"ನೀ ಹೇಳ್ತಿ ಅಂದ್ಕೊಂಡಿದ್ದೆ."

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಕೇಳುವ ಬಾಯಿ ನನಗೂ ಇರಲಿಲ್ಲ. ಬರುವ ಭಾನುವಾರ ಅಂಥ ಮಕ್ಕಳ ನೆರವಿಗೆಂದು ಸೂರತ್ತಿನಲ್ಲಿ ಅದೇ ಜನ ಸೇರುತ್ತಾರೆ. ಮೆಹುಲ್‌ಭಾಯಿಗೆ ಫೋನ್ ಮಾಡಿ, ಎಲ್ಲರೆದುರು ಎರಡು ಮಾತಾಡಬೇಕು ಎಂದಿದ್ದೇನೆ. ಯಾವ ವಿಷಯ ಎಂದು ಕೇಳಿದರು. ಜ್ಯೋತಿ ಪೂರಾ ಓಡಿದಳು ಎಂದೆ.