ಮೂರು ನೀರಿನಲ್ಲಿ ತೊಳೆದ ನೂಡಲ್ಸು

ನಿನ್ನೆ ತಳ್ಳುಗಾಡಿಯೊಂದರ ಬಾಣಲೆಯಿಂದ ಸೋಯಾ ಸಾಸಿನ ವಾಸನೆ ಎದ್ದಿತು. ನಾನು ನೇರವಾಗಿ ಚಿಕ್ಕಂದಿನ ನಮ್ಮ ಮಾನ್ವಿಯ ಅಡುಗೆಮನೆಗೆ ಹೋಗಿಬಿಟ್ಟೆ.

ರಾಯಚೂರಿನಲ್ಲಿ ಚೀನಿ ತಿನಿಸಿನ ಅಂಗಡಿ ಹೊಸದಾಗಿ ತೆರೆದಿತ್ತು. ನನ್ನ ಕಾಟ ತಾಳದೆ ಅಪ್ಪ ಅಲ್ಲಿಂದ ನೂಡಲ್ಸು ಕಟ್ಟಿಸಿಕೊಂಡು ಬಂದಿದ್ದ. ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ಪೊಟ್ಟಣ ಬರಿದು.

ಅಷ್ಟರಲ್ಲೇ ಅಪ್ಪನ ತಂಗಿ, ನನ್ನ ಅತ್ತೆಯನ್ನು ನೋಡಲು ಕವಿತಾಳದಿಂದ ಗಂಡಿನ ಕಡೆಯವರು ಹೇಳದೆ ಕೇಳದೆ ಬಂದು ಕೂತಿದ್ದರು. ಹುಡುಗಿಗೆ ಮನೆಗೆಲಸ ಬರುವುದಿಲ್ಲವೆಂದು ಅದಾಗಲೇ ಎರಡು ಸಂಬಂಧ ತಪ್ಪಿದ್ದವು.

"ಯಾರೋ ಶಾವಿಗಿ ಕರ್ರಗ ಮಾಡಿ ಇಟ್ಟಿದ್ರು. ಮೂರು ನೀರಾಗ ತೊಳದೀನಿ," ಅಂದಳು ಅಜ್ಜಿ, ಬಂದವರ ಪಾಯಸಕ್ಕೆ ಹಾಲು ಸಕ್ಕರೆ ಸುರಿಯುತ್ತ.

"ಅಜ್ಜಿ, ಅದು ನೂಡಲ್ಸು."

"ಬಾಯಿ ಮುಚ್ಚಲೇ."

ಪಾಯಸ ಪಡಸಾಲೆಗೆ ಹೋಯಿತು. ಗಂಡಿನ ತಾಯಿ ಒಂದು ತುತ್ತು ನುಂಗಿ, ಒಂದು ಎಳೆಯನ್ನು ಎತ್ತಿ ನೋಡಿದರು. ಅವರ ಬಟ್ಟಲಲ್ಲಿ ಎಲೆಕೋಸಿನ ಎಳೆಯೊಂದು ತೇಲುತ್ತಿತ್ತು.

"ಎಷ್ಟು ಉದ್ದಕ ಹೊಸದೀರಿ, ಒಂದೂ ತುಂಡಾಗಿಲ್ಲ. ಯಾರ ಕೈಯಾಗಿಂದ್ರೀ?" ಅಂತ ಕೇಳಿದರು ಆ ತಾಯಿ.

"ನಮ್ಮ ಹುಡುಗೀದರೀ," ಅಂದುಬಿಟ್ಟಳು ಅಜ್ಜಿ, ರೆಪ್ಪೆ ಕೂಡ ಬಡಿಯದೆ.

ಅತ್ತೆ ತಲೆ ತಗ್ಗಿಸಿದಳು. ಅವರು ಅದನ್ನು ನಾಚಿಕೆ ಅಂದುಕೊಂಡರು. ಸಂಜೆಯೊಳಗೆ ಸಂಬಂಧ ಗಟ್ಟಿಯಾಯಿತು. ಗಂಡನ ಮನೆಯ ಮೊದಲ ಬೇಸಿಗೆಗೇ ಅತ್ತೆಯ ಮುಂದೆ ಶಾವಿಗೆ ಹೊಸೆಯುವ ಮಣೆ ಬಂತಂತೆ. ಬೆರಳಿಗೆ ಬೊಬ್ಬೆ ಬರುವವರೆಗೆ ಕದ್ದು ಕಲಿತಳಂತೆ.

ನಿನ್ನೆ ಗಾಡಿಯ ಮುಂದೆಯೇ ನಿಂತು ಅತ್ತೆಗೆ ಫೋನ್ ಮಾಡಿದೆ. "ಈಗರೆ ಖರೇ ಹೇಳ್ಬಿಡ್ಲೇನು?"

"ನಮ್ಮತ್ತಿ ಇನ್ನೂ ಗಟ್ಟಿ ಅದಾರ," ಅಂದಳು. "ಓಣಿ ಹುಡುಗ್ಯಾರನ್ನೆಲ್ಲ ಶಾವಿಗಿ ಕಲೀರಿ ಅಂತ ನನ್ನ ಹತ್ರಾನ ಕಳಸಾಕತ್ತಾರ."